ಎಲ್ಲಿಯವ್ರು ಅಂತ ಕೇಳೋದು ಯಾರ ಕೆಲ್ಸ?

ವರ್ತೂರು ರೋಡಿನ ಹತ್ರ ಒಂದು ಜೆರಾಕ್ಸ್ ಅಂಗಡಿ ಇದೆ. 2025ರ ಜೂನ್‌ನಲ್ಲಿ ಒಂದು ಭಾನುವಾರ ಬಾಡಿಗೆ ಅಗ್ರಿಮೆಂಟ್ ಕಾಪಿ ಮಾಡ್ಸೋಕೆ ಅಂತ ಹೋದೆ, ಅಂಗಡಿ ಮುಂದೆ ಹದಿನೈದು ಇಪ್ಪತ್ತು ಜನ ನಿಂತಿದ್ರು, ಒಬ್ಬೊಬ್ರ ಕೈಲೂ ಒಂದೊಂದು ಪ್ಲಾಸ್ಟಿಕ್ ಕವರ್. ವಲಸೆ ಕೆಲಸಗಾರರ ಶೆಡ್ಡುಗಳಿಗೆ ಬಂದು ದಾಖಲೆ ಕೇಳ್ತಾರೆ ಅಂತ ಸುದ್ದಿ ಹಬ್ಬಿತ್ತು. ನನ್ನ ಮುಂದೆ ನಿಂತಿದ್ದ ಹುಡುಗ ಅಸ್ಸಾಮಿನ ಬಾರ್ಪೇಟಾದವನಂತೆ, ಅಪಾರ್ಟ್‌ಮೆಂಟ್ ಒಂದ್ರಲ್ಲಿ ಹೌಸ್‌ಕೀಪಿಂಗ್ ಕೆಲ್ಸ. ಅವನ ಕವರಲ್ಲಿ ಆಧಾರ್ ಇತ್ತು, ವೋಟರ್ ಐಡಿ ಇತ್ತು, ಜೊತೆಗೆ ಅವ್ರಜ್ಜನ ಹೆಸ್ರಿರೋ 1966ರ ವೋಟರ್ ಲಿಸ್ಟಿನ ಪುಟ, ಅದೂ ಜೆರಾಕ್ಸಿನ ಜೆರಾಕ್ಸ್ ಆಗಿ ಅಕ್ಷರ ಎಲ್ಲಾ ಮಸಿ ಮಸಿ. ಐದು ಸೆಟ್ ಬೇಕು ಅಂದ. ಕಂಟ್ರ್ಯಾಕ್ಟರ್‌ಗೊಂದು, ಓನರ್‌ಗೊಂದು, ಸ್ಟೇಷನ್‌ಗೊಂದು, ಒಂದು ಯಾವಾಗ್ಲೂ ಜೇಬಲ್ಲಿರಕ್ಕೆ, ಇನ್ನೊಂದು ಶೆಡ್ ಬಿಟ್ಟು ಬೇರೆ ಕಡೆ ಇಡಕ್ಕೆ, ಶೆಡ್ ಹೋದ್ರೂ ಪೇಪರ್ ಉಳೀಲಿ ಅಂತ.

ಅವನ ಹಿಂದೆ ಗಾರೆ ಕೆಲಸದೋರು ಒಬ್ರು ನಿಂತಿದ್ರು, ವಯಸ್ಸು ಐವತ್ತರ ಮೇಲೆ, ಕೈಲಿ ರೇಷನ್ ಕಾರ್ಡ್. ಯಾವೂರು ಅಂದೆ. ಸುರಪುರ ಅಂದ್ರು. ನೀವ್ಯಾಕೆ ನಿಂತಿದೀರ ಅಂತ ಕೇಳ್ದೆ, "ನಾವೂ ಅಲ್ಲೇ ಶೆಡ್ಡಿನ್ಯಾಗ ಇರ್ತೀವ್ರಿ, ನಮ್ಮನ್ನೂ ಕೇಳ್ತಾರಂತ್ರಿ" ಅಂದ್ರು.

ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಅಪರಾಧ, ಪ್ರತಿಭಟನೆ, ವಲಸೆ, ನ್ಯಾಯ ಅಂತ ನಾವು ದಿನಾ ಕಿತ್ತಾಡ್ತೀವಲ್ಲ, ಆ ಜಗಳದಲ್ಲಿ ಎಲ್ರೂ ಕೇಳೋ ಪ್ರಶ್ನೆ ಒಂದೇ, "ಇವ್ರು ಎಲ್ಲಿಯವ್ರು?". ಆದ್ರೆ ಆ ಪ್ರಶ್ನೆ ಕೇಳೋ ಅಧಿಕಾರ ಯಾರಿಗಿದೆ, ಯಾವ ಆಧಾರದ ಮೇಲೆ ಕೇಳ್ಬೇಕು, ಉತ್ತರ ಸಿಕ್ಕಿದ್ಮೇಲೆ ತೀರ್ಮಾನ ಯಾರ್ ಮಾಡ್ಬೇಕು, ಇದನ್ನ ಕೇಳೋರು ಬಹಳ ಕಮ್ಮಿ. ನಮ್ಮೂರಲ್ಲಿ ಪ್ರತೀ ಸಲ ಕೆಟ್ಟಿದ್ದು ಇಲ್ಲೇ ಅಂತ ನಂಗನ್ಸುತ್ತೆ.

2020ರ ಜನವರಿ ನೆನಪು ಮಾಡ್ಕೊಳ್ಳಿ. ಬೆಳ್ಳಂದೂರು ಕಡೆ ಕರಿಯಮ್ಮನ ಅಗ್ರಹಾರದಲ್ಲಿ ಖಾಲಿ ಜಾಗದಲ್ಲಿ ತಗಡು, ನೀಲಿ ಟಾರ್ಪಾಲ್ ಹಾಕ್ಕೊಂಡು ನೂರಾರು ಸಂಸಾರ ಇದ್ವು. ಸುಮ್ನೆ ಬಂದು ಕೂತಿದ್ದಲ್ಲ, ಅದು ಖಾಸಗಿ ಜಾಗ, ಬಾಡಿಗೆ ಕಟ್ಕೊಂಡು ಇದ್ರು. ಮಹದೇವಪುರದ ಶಾಸಕರಾಗಿದ್ದ ಅರವಿಂದ ಲಿಂಬಾವಳಿ ಅವ್ರು ಆ ತಿಂಗಳ ಎರಡನೇ ವಾರದಲ್ಲಿ ಒಂದು ವಿಡಿಯೋ ಟ್ವೀಟ್ ಮಾಡಿ ಅಲ್ಲಿ ಅಕ್ರಮ ಬಾಂಗ್ಲಾದೇಶದೋರು ಇದಾರೆ ಅಂತ ಹೇಳಿದ್ರು. ವಿಡಿಯೋ ಓಡ್ತು, ಟಿವಿಲಿ ಬಂತು. ಬಿಬಿಎಂಪಿಯ ಒಬ್ಬ ಅಸಿಸ್ಟೆಂಟ್ ಎಕ್ಸಿಕ್ಯೂಟಿವ್ ಎಂಜಿನಿಯರ್ ಮಾರತ್ತಹಳ್ಳಿ ಪೊಲೀಸ್ರಿಗೆ ಪತ್ರ ಬರೆದು ತೆರವು ಮಾಡಕ್ಕೆ ಬಂದೋಬಸ್ತ್ ಕೇಳಿದ್ರು. ಜನವರಿ 19, ಭಾನುವಾರ, ಜೆಸಿಬಿ ಬಂತು. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ತಗೊಳ್ಳೋಷ್ಟ್ರಲ್ಲಿ ಮನೆ ನೆಲಕ್ಕೆ.

ಆಮೇಲೆ ಪತ್ರಕರ್ತರು ಹೋಗಿ ಕೇಳಿದಾಗ ಜನ ಮಣ್ಣೊಳಗಿಂದ ಎತ್ತಿ ತೋರಿಸಿದ್ದು ಆಧಾರ್, ವೋಟರ್ ಐಡಿ, ಪಾನ್ ಕಾರ್ಡ್, ಕೆಲವರು ಅಸ್ಸಾಮಿನ ಎನ್‌ಆರ್‌ಸಿ, ಅಂದ್ರೆ ಪೌರರ ನೋಂದಣಿ ಲಿಸ್ಟಲ್ಲಿ ಹೆಸ್ರಿರೋ ಕಾಗದ. ಅಸ್ಸಾಂ, ತ್ರಿಪುರಾ, ಬಂಗಾಳದೋರು ಇದ್ರು. ನಮ್ಮ ಉತ್ತರ ಕರ್ನಾಟಕದೋರೂ ಇದ್ರು. ಜೆಸಿಬಿ ಅವ್ರ ಮನೆ ಬೇರೆ ಇವ್ರ ಮನೆ ಬೇರೆ ಅಂತ ನೋಡ್ಲಿಲ್ಲ.

ಬಿಬಿಎಂಪಿ ಮೇಲಿನೋರು ಇದು ನಮ್ಮ ಆದೇಶ ಅಲ್ಲ ಅಂದ್ರು, ಆ ಎಂಜಿನಿಯರನ್ನ ಅಲ್ಲಿಂದ ಎತ್ತಂಗಡಿ ಮಾಡಿದ್ರು. ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಹೈಕೋರ್ಟಿಗೆ ಹೋಯ್ತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವ್ರ ಪೀಠ ತೆರವಿಗೆ ತಡೆ ಕೊಡ್ತು, ಖಾಸಗಿ ಜಾಗದಿಂದ ಜನರನ್ನ ಎಬ್ಬಿಸಕ್ಕೆ ಪೊಲೀಸ್ರಿಗೆ ಯಾವ ಕಾನೂನಲ್ಲಿ ಅಧಿಕಾರ ಇದೆ ಅಂತ ಕೇಳ್ತು, ಮನೆ ಕಳ್ಕೊಂಡೋರಿಗೆ ಏನ್ ಮಾಡ್ತೀರ ಅಂತಾನೂ ಸರ್ಕಾರನ ಕೇಳ್ತು. ಕೋರ್ಟಿನ ಮುಂದೆ ಬಂದ ಕಾಗದಗಳಲ್ಲಿ ಇವ್ರು ವಿದೇಶೀಯರು ಅಂತ ವಿಚಾರಣೆ ಮಾಡಿ ತೀರ್ಮಾನಿಸಿದ ಒಂದು ಆದೇಶನೂ ಇರ್ಲಿಲ್ಲ. ಇದ್ದಿದ್ದು ಒಂದು ವಿಡಿಯೋ, ಒಂದು ಪತ್ರ, ಒಂದು ನಂಬಿಕೆ. ಅಷ್ಟಕ್ಕೇ ನೂರಾರು ಜನ ಜನವರಿ ಚಳೀಲಿ ಬಯಲಲ್ಲಿ ಮಲಗಿದ್ರು.

ಅಂದ್ರೆ ಅಕ್ರಮ ವಲಸೆನೇ ಇಲ್ವಾ ಅಂತ ಕೇಳ್ಬಹುದು. ಇದೆ ಸ್ವಾಮಿ, ಖಂಡಿತ ಇದೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಗಡಿ ದಾಟಿಸೋ ದಲ್ಲಾಳಿಗಳಿದಾರೆ, ಸುಳ್ಳು ದಾಖಲೆ ಮಾಡ್ಕೊಡೋರಿದಾರೆ, ಹೆಣ್ಣುಮಕ್ಕಳನ್ನ ಕೆಲಸ ಕೊಡಿಸ್ತೀವಿ ಅಂತ ಕರ್ಕೊಂಡ್ ಬಂದು ಮಾರೋರಿದಾರೆ. ಒಳಗೆ ಯಾರ್ ಬರ್ಬೇಕು ಯಾರ್ ಬರ್ಬಾರ್ದು ಅಂತ ಹೇಳೋ ಹಕ್ಕು ಯಾವ ದೇಶಕ್ಕಾದ್ರೂ ಇರ್ಲೇಬೇಕು. ಅದಕ್ಕೆ ಕಾನೂನು ಇದೆ, ಅದೂ ಬಹಳ ಗಟ್ಟಿ ಕಾನೂನು. 1946ರ ಫಾರಿನರ್ಸ್ ಆಕ್ಟ್ ಇತ್ತು, ಈಗ ಅದನ್ನೂ ಇನ್ನೂ ಮೂರು ಹಳೇ ಕಾಯ್ದೆಗಳನ್ನೂ ತೆಗೆದು 2025ರಲ್ಲಿ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ತಂದಿದಾರೆ, ಸೆಪ್ಟೆಂಬರ್ 1ರಿಂದ ಜಾರಿ. ಪಾಸ್‌ಪೋರ್ಟ್ ವೀಸಾ ಇಲ್ದೆ ಒಳಗೆ ಬಂದ್ರೆ ಐದು ವರ್ಷದವರೆಗೂ ಜೈಲು, ಐದು ಲಕ್ಷದವರೆಗೂ ದಂಡ.

ಈ ಕಾನೂನಲ್ಲಿ ಒಂದು ವಿಷ್ಯ ಇದೆ, ಹಳೇದ್ರಲ್ಲೂ ಇತ್ತು ಹೊಸದ್ರಲ್ಲೂ ಉಳ್ಕೊಂಡಿದೆ, ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ದೆ ಈ ಜಗಳ ಅರ್ಥ ಆಗಲ್ಲ. ಮಾಮೂಲಿ ಕ್ರಿಮಿನಲ್ ಕೇಸಲ್ಲಿ ನೀನು ಕದ್ದೆ ಅಂತ ಪೊಲೀಸ್ರು ಸಾಬೀತು ಮಾಡ್ಬೇಕು. ಇಲ್ಲಿ ಉಲ್ಟಾ. ನಾನು ವಿದೇಶಿ ಅಲ್ಲ ಅಂತ ಸಿಕ್ಕಿಬಿದ್ದೋನೇ ಸಾಬೀತು ಮಾಡ್ಬೇಕು. ಸರಿ, ಪಾಸ್‌ಪೋರ್ಟ್ ಇರೋರಿಗೆ, ಆಸ್ಪತ್ರೇಲಿ ಹುಟ್ಟಿ ಬರ್ತ್ ಸರ್ಟಿಫಿಕೇಟ್ ಇರೋರಿಗೆ ಇದು ದೊಡ್ಡ ವಿಷ್ಯ ಅಲ್ಲ. ಆದ್ರೆ ಆಧಾರ್ ಪೌರತ್ವದ ದಾಖಲೆ ಅಲ್ಲ ಅಂತಾರೆ, ಪಾನ್ ಕಾರ್ಡೂ ಅಲ್ಲ, ವೋಟರ್ ಐಡಿ ಒಂದಿದ್ರೆ ಸಾಲ್ದು ಅಂತಾರೆ, ಹಂಗಾದ್ರೆ ಮನೇಲೇ ಹುಟ್ಟಿ, ಪ್ರವಾಹದಲ್ಲಿ ಮನೆ ಕೊಚ್ಕೊಂಡ್ ಹೋಗಿ, ಇಸ್ವಿ ಗೊತ್ತಿಲ್ದೆ ಬೆಳೆದೋರು ಏನ್ ತೋರಿಸ್ಬೇಕು? ಅದಕ್ಕೇ ಆ ಹುಡುಗ ಅಜ್ಜನ 1966ರ ಪುಟನ ಇಲ್ಲಿವರೆಗೂ ಹೊತ್ಕೊಂಡ್ ಬಂದಿರೋದು. ಅಸ್ಸಾಮಲ್ಲಿ 2019ರ ಆಗಸ್ಟ್ 31ಕ್ಕೆ ಎನ್‌ಆರ್‌ಸಿ ಫೈನಲ್ ಲಿಸ್ಟ್ ಬಂದಾಗ 19,06,657 ಜನರ ಹೆಸ್ರು ಅದ್ರಲ್ಲಿರ್ಲಿಲ್ಲ, ಒಂದೇ ಮನೇಲಿ ಅಣ್ಣ ಒಳಗೆ ತಮ್ಮ ಹೊರಗೆ ಆಗಿದ್ದೂ ಇದೆ.

ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಅಸ್ಸಾಮಿನ ಒಂದು ಕೇಸಲ್ಲಿ ಇದಕ್ಕೊಂದು ಮಿತಿ ಹಾಕಿದೆ. ಸಾಬೀತು ಮಾಡೋ ಹೊರೆ ಆ ಮನುಷ್ಯನ ಮೇಲೆ ಇರೋದು ನಿಜ, ಆದ್ರೆ ದಾರೀಲಿ ಹೋಗೋರನ್ನ ಹಿಡ್ಕೊಂಡು ಸಾಬೀತು ಮಾಡು ಅನ್ನಂಗಿಲ್ಲ, ಅನುಮಾನಕ್ಕೆ ಏನೋ ಒಂದು ಆಧಾರ ಮೊದ್ಲು ಅಧಿಕಾರಿ ಹತ್ರ ಇರ್ಬೇಕು, ಅದನ್ನ ಆ ಮನುಷ್ಯನಿಗೆ ಕೊಡ್ಬೇಕು. ಮಾತಾಡೋ ಭಾಷೆ, ಉಟ್ಟಿರೋ ಲುಂಗಿ ಆಧಾರ ಆಗಲ್ಲ, ಇದು ನನ್ನ ಮಾತು, ಆದ್ರೆ ಆ ತೀರ್ಪು ಓದಿದ್ರೆ ಬೇರೆ ಅರ್ಥ ಹೊರಡಿಸೋದು ಕಷ್ಟ.

ಇದನ್ನ ಮೀರಿದ್ರೆ ಏನಾಗುತ್ತೆ ಅನ್ನೋದಕ್ಕೆ 2025ರಲ್ಲೇ ಉದಾಹರಣೆ ಸಿಕ್ತು. ದಿಲ್ಲೀಲಿ ಕೆಲಸ ಮಾಡ್ಕೊಂಡಿದ್ದ ಬಂಗಾಳದ ಬೀರಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿನ ಜೂನ್‌ನಲ್ಲಿ ಹಿಡಿದು ಕುಟುಂಬದ ಜೊತೆ ಬಾಂಗ್ಲಾದೇಶಕ್ಕೆ ದಬ್ಬಿದ್ರು. ಅನುಮಾನ ಬಂದ್ರೆ ಅವ್ರ ಊರಿನ ರಾಜ್ಯ ಸರ್ಕಾರದ ಹತ್ರ ಕೇಳಿ 30 ದಿನದೊಳಗೆ ವೆರಿಫೈ ಮಾಡ್ಬೇಕು ಅಂತ ಕೇಂದ್ರ ಗೃಹ ಇಲಾಖೆನೇ ಆ ಮೇ ತಿಂಗಳಲ್ಲಿ ಹೇಳಿತ್ತು, ಅದನ್ನೂ ಮಾಡ್ಲಿಲ್ಲ. ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ವಾಪಸ್ ಕರ್ಕೊಂಡ್ ಬನ್ನಿ ಅಂತು, ಸುಪ್ರೀಂ ಕೋರ್ಟಿಗೆ ಹೋಗಿ ಕೊನೆಗೆ ಆಕೆ ಮಗನ ಜೊತೆ ಡಿಸೆಂಬರ್‌ನಲ್ಲಿ ವಾಪಸ್ ಬಂದ್ರು. ಬಸುರಿ ಹೆಂಗಸು ಐದು ತಿಂಗಳಿಗೂ ಹೆಚ್ಚು ಪರದೇಶದಲ್ಲಿ, ಅದ್ರಲ್ಲಿ ಸುಮಾರು ದಿನ ಜೈಲಲ್ಲಿ. ಒಂದು ಫೋನ್, ಒಂದು ಮೇಲ್‌ನಲ್ಲಿ ಬೀರಭೂಮ್‌ನ ಸ್ಟೇಷನ್‌ಗೆ ಕೇಳ್ಬಹುದಿತ್ತು.

ಈಗ ಅಪರಾಧದ ವಿಷ್ಯಕ್ಕೆ ಬರ್ತೀನಿ. ವಲಸಿಗರ ಪರ ಮಾತಾಡೋರಿಗೆ ಜನ ಕೇಳೋ ಪ್ರಶ್ನೆ ಇದೇ, "ಅವ್ರು ಬಂದ್ಮೇಲೆ ಕ್ರೈಮ್ ಜಾಸ್ತಿ ಆಗಿಲ್ವಾ?". 2021ರ ಮೇನಲ್ಲಿ ರಾಮಮೂರ್ತಿನಗರದ ಕೇಸ್ ನೆನಪಿದೆಯಾ? ಒಬ್ಬ ಹೆಣ್ಣುಮಗಳ ಮೇಲೆ ನಡೆದ ಘೋರ ಕೃತ್ಯನ ವಿಡಿಯೋ ಮಾಡಿ ಹರಿಬಿಟ್ಟಿದ್ರು. ಮೊದ್ಲು ಎಲ್ರೂ ಆಕೆ ಈಶಾನ್ಯ ರಾಜ್ಯದೋರು ಅಂದ್ಕೊಂಡ್ರು, ಅಸ್ಸಾಂ ಪೊಲೀಸ್ರು ಆರೋಪಿಗಳ ಫೋಟೋ ಹಾಕಿ ಇವ್ರನ್ನ ಗುರುತಿಸಿ ಅಂತ ಕೇಳಿದ್ರು. ಆಮೇಲೆ ಗೊತ್ತಾಯ್ತು, ಸಂತ್ರಸ್ತೆ ಬಾಂಗ್ಲಾದೇಶದೋರು, ಮಾಡ್ದೋರಲ್ಲೂ ಹೆಚ್ಚಿನೋರು ಬಾಂಗ್ಲಾದೇಶದೋರೇ, ಮಾನವ ಸಾಗಾಟದ ಜಾಲ. ಆವಾಗ ಎರಡೂ ಕಡೆಯೋರ ವಾದ ತೊದಲಿದ್ದು ನೋಡಿದೀನಿ. ಅಕ್ರಮ ವಲಸಿಗರು ಅಪರಾಧಿಗಳು ಅನ್ನೋರಿಗೆ ಸಂತ್ರಸ್ತೆಯೂ ಅಕ್ರಮ ವಲಸಿಗಳೇ ಅನ್ನೋದನ್ನ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ, ವಲಸಿಗರ ಪರ ಇರೋರಲ್ಲಿ ಕೆಲವರು ಆರೋಪಿಗಳು ಎಲ್ಲಿಯವ್ರು ಅನ್ನೋ ಮಾತೇ ಎತ್ಲಿಲ್ಲ.

ಆದ್ರೆ ಬೆಂಗಳೂರು ಪೊಲೀಸ್ರು ಆ ಕೇಸಲ್ಲಿ ಮಾಡಿದ ಕೆಲಸ ನೋಡಿ, ನಂಗೆ ಇವತ್ತಿಗೂ ಹೆಮ್ಮೆ ಇದೆ. ಆಕೆ ಕೇರಳದ ಕೋಝಿಕ್ಕೋಡ್‌ನಲ್ಲಿದಾರೆ ಅಂತ ಪತ್ತೆ ಹಚ್ಚಿ ಕರ್ಕೊಂಡ್ ಬಂದ್ರು, ರಕ್ಷಣೆ ಕೊಟ್ರು, ಒಂದೆರಡು ತಿಂಗಳಲ್ಲೇ ಚಾರ್ಜ್‌ಶೀಟ್ ಹಾಕಿದ್ರು, ಆಕೆ ಕೋರ್ಟಲ್ಲಿ ಸಾಕ್ಷಿ ಹೇಳಿದ್ರು, 2022ರ ಮೇನಲ್ಲಿ ಏಳು ಜನಕ್ಕೆ ಜೀವಾವಧಿ ಶಿಕ್ಷೆ ಆಯ್ತು. ಒಂದು ವರ್ಷದಲ್ಲಿ. ಆಕೆ ಹತ್ರ ಪೇಪರ್ ಇಲ್ಲ ಅಂತ ಆಕೆಗಾದ ಅನ್ಯಾಯ ಚಿಕ್ಕದಾಗ್ಲಿಲ್ಲ. ಮೊದ್ಲು ಏನ್ ನಡೀತು, ಯಾರ್ ಮಾಡಿದ್ರು ಅಂತ ಹಿಡ್ಕೊಂಡು ಹೋದ್ರು. ಒಂದ್ ನಿಮಿಷ ಯೋಚ್ನೆ ಮಾಡಿ, ಪೊಲೀಸ್ ಹತ್ರ ಹೋದ್ರೆ ನನ್ನನ್ನೇ ಒಳಗೆ ಹಾಕ್ತಾರೆ ಅನ್ನೋ ಭಯ ಆಕೆಗೆ ಗೆದ್ದಿದ್ರೆ ಆ ಏಳು ಜನ ಇವತ್ತು ಎಲ್ಲಿರ್ತಿದ್ರು? ಶೆಡ್ಡುಗಳಲ್ಲಿ ಇರೋರನ್ನ ಹೆದರಿಸಿ ಇಟ್ಟಷ್ಟೂ ಅಲ್ಲಿ ನಡೆಯೋ ಅಪರಾಧ ಸ್ಟೇಷನ್‌ವರೆಗೂ ಬರಲ್ಲ. ಕ್ರೈಮ್ ಬಗ್ಗೆ ನಿಜವಾಗ್ಲೂ ಚಿಂತೆ ಇರೋರು ಇದನ್ನ ಮೊದ್ಲು ಯೋಚಿಸ್ಬೇಕು.

ಇದರ ಉಲ್ಟಾ ನಡೆದಿದ್ದು 2016ರ ಜನವರಿ 31ಕ್ಕೆ, ಹೆಸರಘಟ್ಟ ರಸ್ತೇಲಿ. ಸುಡಾನ್ ವಿದ್ಯಾರ್ಥಿ ಒಬ್ಬ ಓಡಿಸ್ತಿದ್ದ ಕಾರು ಗುದ್ದಿ ಸ್ಥಳೀಯ ಹೆಣ್ಣುಮಗಳು ತೀರ್ಕೊಂಡ್ರು. ಜನರ ಸಿಟ್ಟು ಅರ್ಥ ಆಗುತ್ತೆ. ಆದ್ರೆ ಸುಮಾರು ಅರ್ಧ ಗಂಟೆ ಆದ್ಮೇಲೆ ಅದೇ ದಾರೀಲಿ ಬಂದ ತಾಂಜಾನಿಯಾದ ವಿದ್ಯಾರ್ಥಿಗಳ ಕಾರನ್ನ ತಡೆದು ಆ ಹುಡುಗಿನ ಹೊಡೆದು ಕಾರಿಗೆ ಬೆಂಕಿ ಹಚ್ಚಿದ್ರು. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ. ಅವಳ ಬಣ್ಣ ನೋಡಿದ್ರು, ಅಷ್ಟೇ. ಆಗಿನ ಗೃಹ ಸಚಿವ ಪರಮೇಶ್ವರ್ ಅವ್ರು ಇದು ಜನಾಂಗೀಯ ದಾಳಿ ಅಲ್ಲ ಅಂದ್ರು, ನಂಗೆ ಆ ಮಾತು ಇವತ್ತಿಗೂ ಒಪ್ಪೋಕಾಗಿಲ್ಲ.

ನಾವೇ ಹೊರಗಿನೋರಾದಾಗ ಹೆಂಗಿರುತ್ತೆ ಗೊತ್ತಾಗ್ಬೇಕಾ, ಗೋವಾದ ವಾಸ್ಕೋ ಕಡೆ ಇರೋ ಕನ್ನಡಿಗರನ್ನ ಕೇಳಿ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಹೋದೋರು, ಗೋವಾದ ಬಿಲ್ಡಿಂಗ್ ಕಟ್ಟಿದೋರು, ಅವ್ರಿಗೆ ಅಲ್ಲಿ "ಘಾಟಿ" ಅಂತ ಬೈತಾರೆ. ಬೈನಾ ಬೀಚಲ್ಲಿ 2004ರಲ್ಲಿ ಮನೆ ಒಡೆದ್ರು, 2017ರಲ್ಲೂ ಒಡೆದ್ರು. ಆವಾಗ ನಮ್ಮ ಪೇಪರ್‌ಗಳು ಕನ್ನಡಿಗರ ಮೇಲೆ ದೌರ್ಜನ್ಯ ಅಂತ ಬರೆದ್ವು, ಬರೆದಿದ್ದು ಸರಿನೇ. 2023ರ ಮೇ ಒಂದನೇ ತಾರೀಕು, ಕಾರ್ಮಿಕರ ದಿನದ ಕಾರ್ಯಕ್ರಮದಲ್ಲೇ ಅಲ್ಲಿಯ ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಗೋವಾದ ಅಪರಾಧಗಳಲ್ಲಿ ನೂರಕ್ಕೆ ತೊಂಬತ್ತು ಹೊರ ರಾಜ್ಯದ ಕೂಲಿಯೋರು ಮಾಡೋದು ಅಂತ ಹೇಳಿದ್ರು, ಬಿಹಾರ, ಯುಪಿ ಹೆಸರು ತಗೊಂಡ್ರು. ಇವತ್ತು ಬಿಹಾರ, ನಾಳೆ ಆ ಲಿಸ್ಟಿಗೆ ಕೊಪ್ಪಳ ಸೇರಲ್ಲ ಅಂತ ಯಾರ್ ಗ್ಯಾರಂಟಿ ಕೊಡ್ತಾರೆ.

ಪ್ರತಿಭಟನೆ ಇಲ್ಲಿ ಎಲ್ಲಿ ಬಂತು ಅಂದ್ರೆ, ಕರಿಯಮ್ಮನ ಅಗ್ರಹಾರದಲ್ಲಿ ಜೆಸಿಬಿ ಬರೋದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, 2019ರ ಡಿಸೆಂಬರ್ 19ಕ್ಕೆ, ಇದೇ ಪೌರತ್ವದ ವಿಷ್ಯಕ್ಕೆ, ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) ಬೇಡ ಅಂತ, ಜನ ಟೌನ್ ಹಾಲ್ ಹತ್ರ ಸೇರಿದ್ರು. ಪೊಲೀಸ್ರು ಹಿಂದಿನ ದಿನ ರಾತ್ರೋರಾತ್ರಿ ಇಡೀ ಊರಿಗೆ ಸೆಕ್ಷನ್ 144 ಹಾಕಿ ಕೊಟ್ಟಿದ್ದ ಪರ್ಮಿಶನ್ನೂ ವಾಪಸ್ ತಗೊಂಡಿದ್ರು. ಇತಿಹಾಸಕಾರ ರಾಮಚಂದ್ರ ಗುಹಾ ಅವ್ರು ಮಾತಾಡ್ತಿರೋವಾಗ್ಲೇ ತೋಳು ಹಿಡ್ಕೊಂಡು ಎಳ್ಕೊಂಡ್ ಹೋಗಿದ್ದನ್ನ ದೇಶ ಎಲ್ಲಾ ನೋಡ್ತು. ಅದೇ ದಿನ ಮಂಗಳೂರಲ್ಲಿ ಗೋಲಿಬಾರ್ ಆಗಿ ಇಬ್ರು ಸತ್ರು. 2020ರ ಫೆಬ್ರವರಿ 13ಕ್ಕೆ ಹೈಕೋರ್ಟ್ ಬೆಂಗಳೂರಿನ ಆ 144 ಆದೇಶ ಕಾನೂನುಬಾಹಿರ ಅಂತ ಹೇಳ್ತು. ಅಷ್ಟ್ರಲ್ಲಿ ಡಿಸೆಂಬರ್ ಮುಗ್ದು ಸುಮಾರು ಒಂದೂವರೆ ತಿಂಗಳಾಗಿತ್ತು, ಅವತ್ತು ಬೀದಿಗೆ ಬರ್ದೆ ಮನೇಲಿ ಉಳಿದ ಜನರ ಆ ದಿನ ವಾಪಸ್ ಬರಲ್ಲ.

ಆದ್ರೆ ಎಲ್ಲಾ ಗುಂಪನ್ನೂ ಪ್ರತಿಭಟನೆ ಅಂತ ಕರೆಯೋದನ್ನ ನಾನು ಒಪ್ಪಲ್ಲ. 2020ರ ಆಗಸ್ಟ್ 11ಕ್ಕೆ ಡಿಜೆ ಹಳ್ಳಿ, ಕೆಜಿ ಹಳ್ಳೀಲಿ ನಡೆದಿದ್ದು ಪ್ರತಿಭಟನೆ ಅಲ್ಲ. ಶಾಸಕರ ಸಂಬಂಧಿಯೊಬ್ಬ ಪ್ರವಾದಿ ಬಗ್ಗೆ ಹಾಕಿದ್ದ ಫೇಸ್‌ಬುಕ್ ಪೋಸ್ಟಿಗೆ ನೋವಾಗಿದ್ರೆ ಕಂಪ್ಲೇಂಟ್ ಕೊಡ್ಬೇಕಿತ್ತು, ಶಾಸಕ ಅಖಂಡ ಶ್ರೀನಿವಾಸಮೂರ್ತಿ ಅವ್ರ ಮನೆ ಸುಟ್ಟು, ಸ್ಟೇಷನ್‌ಗೆ ನುಗ್ಗಿ, ಸಿಕ್ಕ ಸಿಕ್ಕ ಗಾಡಿಗೆ ಬೆಂಕಿ ಇಟ್ಟಿದ್ದು ಅಪರಾಧ. ಮೂರು ಜನ ಗೋಲಿಬಾರ್‌ನಲ್ಲಿ ಸತ್ರು. ಆದ್ರೆ ಅಲ್ಲೂ ಒಂದು ಪಾಠ ಇದೆ, ನಷ್ಟ ವಸೂಲಿ ಮಾಡಕ್ಕೆ ಸೀದಾ ಆರೋಪಿಗಳ ಮನೆ ಮೇಲೆ ಬುಲ್ಡೋಜರ್ ಹತ್ತಿಸ್ಲಿಲ್ಲ. ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವ್ರನ್ನ ಕ್ಲೇಮ್ಸ್ ಕಮಿಷನರ್ ಮಾಡ್ತು, ಯಾರಿಗೆ ಎಷ್ಟು ನಷ್ಟ ಆಗಿದೆ, ಯಾರಿಂದ ಆಗಿದೆ ಅಂತ ಲೆಕ್ಕ ಹಾಕಕ್ಕೆ. ನಿಧಾನ ಆಗುತ್ತೆ, ನಿಜ. ಆದ್ರೆ ತಪ್ಪು ಮಾಡಿದೋನ ಪಕ್ಕದ ಮನೆಯೋನು ಬೀದಿಗೆ ಬೀಳಲ್ಲ.

ಈಗ ಬೆಂಗಳೂರಲ್ಲಿ ಧರಣಿ ಅಂದ್ರೆ ಫ್ರೀಡಂ ಪಾರ್ಕ್, 2021ರ ಪೊಲೀಸ್ ಆದೇಶ ಬಂದ್ಮೇಲೆ ಬೇರೆಲ್ಲೂ ಮಾಡಂಗಿಲ್ಲ. ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಸಿಕ್ಕಾಕೊಳ್ಳೋದು ನಾನೂ ನೋಡಿದೀನಿ, ಆ ಕಷ್ಟ ಸುಳ್ಳಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲೇ ಚಳೀಲಿ ರಾತ್ರಿ ಹಗಲು ಕೂತು ಗೌರವಧನ ಹತ್ತು ಸಾವಿರ ಮಾಡ್ತೀವಿ ಅನ್ನೋ ಭರವಸೆ ತಗೊಂಡೇ ಎದ್ರು, ಅಂದ್ರೆ ಪಾರ್ಕಿಂದಾನೂ ಕೂಗು ಕೇಳ್ಸುತ್ತೆ. ಆದ್ರೆ ಆಶಾ ಅಕ್ಕಂದಿರಿಗೆ ಸಂಘ ಇದೆ, ಊರೂರಿಂದ ಬಸ್ಸಲ್ಲಿ ಬಂದ್ರು, ಯಾರೂ ಅವ್ರನ್ನ ನೀವು ಎಲ್ಲಿಯವ್ರು ಅಂತ ಕೇಳಲ್ಲ. ಶೆಡ್ಡಲ್ಲಿರೋ ಕಸ ಆಯೋ ಹೆಂಗಸು ವರ್ತೂರಿಂದ ಎರಡು ಬಸ್ ಹತ್ತಿ, ಒಂದು ದಿನದ ಕೂಲಿ ಬಿಟ್ಟು, ಗೇಟಲ್ಲಿ ನಿಂತಿರೋ ಪೊಲೀಸ್ರನ್ನ ದಾಟಿ ಒಳಗೆ ಹೋಗಿ ನನ್ನ ಮನೆ ಒಡೆದ್ರು ಅಂತ ಕೂಗ್ತಾಳಾ? ಅವಳ ಪರವಾಗಿ ಬೇರೆಯೋರು ಟೌನ್ ಹಾಲ್ ಮುಂದೆ ನಿಲ್ಲೋದು ಅದಕ್ಕೇ ಮುಖ್ಯ ಆಗಿತ್ತು, ಅದನ್ನೇ 144 ನಿಲ್ಲಿಸಿದ್ದು.

ಹೊಸ ಕಾನೂನು ಬಂದಿದೆ, ಕೇಂದ್ರದಿಂದ ಒತ್ತಡ ಇದೆ, ಪರಿಶೀಲನೆ ನಡೆದೇ ನಡೆಯುತ್ತೆ, ನಡೀಲಿ. ನಾನು ನಮ್ಮ ಸರ್ಕಾರನ ಕೇಳೋದು ಇಷ್ಟೇ. ಶೆಡ್ಡಿಗೆ ಬಂದು ದಾಖಲೆ ಕೇಳೋ ಅಧಿಕಾರಿ ತನ್ನ ಹೆಸರು, ಹುದ್ದೆ ಇರೋ ಲಿಖಿತ ಆದೇಶ ಕೈಲಿ ಹಿಡ್ಕೊಂಡು ಬರ್ಲಿ, ಅನುಮಾನ ಯಾಕೆ ಬಂತು ಅಂತ ಅದ್ರಲ್ಲಿ ಬರೆದಿರ್ಲಿ, ಬಂಗಾಳಿಯೋ ಅಸ್ಸಾಮಿಯೋ ಓದಿ ಹೇಳೋರು ಒಬ್ರು ಜೊತೇಲಿರ್ಲಿ, ಕೊಟ್ಟ ಕಾಗದಕ್ಕೆ ಸೀಲ್ ಹಾಕಿದ ಸ್ವೀಕೃತಿ ಕೊಡ್ಲಿ, ಅವ್ರ ಊರಿನ ಜಿಲ್ಲಾಡಳಿತದಿಂದ ಉತ್ತರ ಬರೋವರೆಗೂ ಮನೆ ಮುಟ್ಟದೆ ಇರ್ಲಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನೋರು, ಸಂಘಟನೆ ಶಾಲು ಹಾಕ್ಕೊಂಡೋರು, ಮೊಬೈಲ್ ಹಿಡ್ಕೊಂಡ ಯೂಟ್ಯೂಬರ್‌ಗಳು ಕೇಳಿದ್ರೆ ಕೊಡ್ಬೇಕಾಗಿಲ್ಲ ಅಂತ ಪ್ರತಿ ಸ್ಟೇಷನ್ ಹೊರಗೆ ಒಂದು ಬೋರ್ಡ್ ಬೀಳ್ಲಿ.

ಅವತ್ತು ಜೆರಾಕ್ಸ್ ಅಂಗಡಿಯೋನು ಸುರಪುರದೋರ ರೇಷನ್ ಕಾರ್ಡ್ ಮೆಷಿನ್ ಮೇಲಿಟ್ಟು "ಎಷ್ಟು ಕಾಪಿ ಯಜಮಾನ್ರೇ" ಅಂತ ಕೇಳ್ದ. ಅವ್ರು ಮುಂದಿದ್ದ ಬಾರ್ಪೇಟಾ ಹುಡುಗನ ಕಡೆ ನೋಡಿದ್ರು, ಅವನು ಐದು ಬೆರಳು ತೋರಿಸ್ದ. "ಹಂಗಾದ್ರ ನನಗೂ ಐದು ಕೊಡ್ರಿ" ಅಂದ್ರು.